ಹಾಡು ಕೇಳುತ್ತ ಓಡಿದರೆ ಓಟ ಸುಧಾರಿಸುತ್ತದೆಯೇ?

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ದಿನಾ ನಸುಕಿನಲ್ಲಿ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಓಡುತ್ತೇನೆ. ಕಿವಿಯಲ್ಲಿ ಹಾಡಿದ್ದರೆ ಓಟ ಹಗುರ ಅನ್ನಿಸುತ್ತದೆ, ಇಲ್ಲದಿದ್ದರೆ ಎರಡನೇ ಸುತ್ತಿಗೇ ದಮ್ಮು ಹತ್ತುತ್ತದೆ. ತರಬೇತುದಾರರು ಮಾತ್ರ ಇಯರ್‌ಫೋನ್ ಮುಟ್ಟಲೇಬೇಡ ಅನ್ನುತ್ತಾರೆ. ಯಾವುದು ಸರಿ ಸರ್?
– ಓದುಗ, ವಿಜಯಪುರ

ಉತ್ತರ: ಹಗುರ ಅನ್ನಿಸುವುದು ನಿಜ, ನಿಮ್ಮ ಭ್ರಮೆಯಲ್ಲ. ಓಡುವಾಗ ಕಾಲು, ಎದೆಗಳಿಂದ ‘ಇನ್ನು ಸಾಕು’ ಎಂಬ ಸುದ್ದಿ ಮಿದುಳಿಗೆ ಹೋಗುತ್ತಲೇ ಇರುತ್ತದೆ. ಗಮನದ ಒಂದು ಪಾಲನ್ನು ಹಾಡು ಎಳೆದುಕೊಂಡಾಗ ಆ ಸುದ್ದಿಯ ಜೋರು ತಗ್ಗುತ್ತದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಒಂದು ಅಳತೆಪಟ್ಟಿ ಇದೆ. ಎಷ್ಟು ಕಷ್ಟವಾಗುತ್ತಿದೆ ಎಂಬುದನ್ನು ವ್ಯಾಯಾಮ ಮಾಡುವವರೇ 6ರಿಂದ 20ರೊಳಗಿನ ಅಂಕದಲ್ಲಿ ಹೇಳಬೇಕು. ಸಾಧಾರಣ ವೇಗದಲ್ಲಿ ಹಾಡು ಕೇಳುತ್ತ ಶ್ರಮಿಸಿದವರು ಅಷ್ಟೇ ಕೆಲಸಕ್ಕೆ ಸುಮಾರು ಶೇ 10ರಷ್ಟು ಕಡಿಮೆ ಅಂಕ ಹೇಳುತ್ತಾರೆ. ಪೀಟರ್ ಟೆರಿ, ಕೋಸ್ಟಾಸ್ ಕರಾಜಿಯೋರ್ಗಿಸ್ ಮತ್ತು ಜೊತೆಗಾರರು 139 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲೂ ಉಲ್ಲಾಸ, ಸಾಮರ್ಥ್ಯ, ಆಮ್ಲಜನಕದ ಬಳಕೆ ಇವುಗಳಲ್ಲಿ ಸಣ್ಣದಾದರೂ ಲಾಭ ಕಂಡಿದೆ. ಹೃದಯ ಬಡಿತದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಹಾಡು ಇರಲಿ ಬಿಡಲಿ, ಹೃದಯ ಪಡುವ ಶ್ರಮ ಹೆಚ್ಚುಕಡಿಮೆ ಅಷ್ಟೇ.

ಹಾಡಿನ ಇನ್ನೊಂದು ಬಲ ತಾಳದಲ್ಲಿದೆ. ಬೀಸುಕಲ್ಲಿನ ಪದ ಹಾಡುತ್ತ ಜೋಳ ಬೀಸಿದ ನಮ್ಮ ಅಜ್ಜಿಯಂದಿರಿಗೆ ಇದು ಕೈಯಿಂದಲೇ ಗೊತ್ತಿತ್ತು: ತಿರುವು ಒಂದೇ ಸಮ ಬಂದರೆ ದಣಿವು ಕಡಿಮೆ. ಬ್ರಿಟನ್ನಿನಲ್ಲಿ ಸೈಕಲ್ ತುಳಿಸಿ ನೋಡಿದ 2012ರ ಅಧ್ಯಯನ ಇದಕ್ಕೆ ಅಂಕಿ ಕೊಟ್ಟಿತು. ತುಳಿತಕ್ಕಿಂತ ನಿಧಾನವಾದ ಹಾಡು ಕೇಳಿದಾಗಿನದಕ್ಕೆ ಹೋಲಿಸಿದರೆ, ತಾಳಕ್ಕೆ ಸರಿಯಾಗಿ ತುಳಿದಾಗ ಅಷ್ಟೇ ಕೆಲಸಕ್ಕೆ ಶೇ 7ರಷ್ಟು ಕಡಿಮೆ ಆಮ್ಲಜನಕ ಸಾಕಾಯಿತು. 1998ರಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಬರ್ಮಿಂಗ್‌ಹ್ಯಾಮಿನಲ್ಲಿ 2000 ಮೀಟರ್ ಒಳಾಂಗಣ ವಿಶ್ವದಾಖಲೆ ಬರೆದಾಗ, ತಮ್ಮ ಹೆಜ್ಜೆಗೆ ಹೊಂದುವ ಹಾಡನ್ನು ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಹಾಕಿಸಿಕೊಂಡಿದ್ದರು.

ಇಷ್ಟೆಲ್ಲ ಇದ್ದರೂ ನಿಮ್ಮ ಪರೀಕ್ಷೆಯ ಮಟ್ಟಿಗೆ ನಾನು ತರಬೇತುದಾರರ ಪಕ್ಷ. 400 ಮೀಟರಿನ ನಾಲ್ಕು ಸುತ್ತು, ಒಂದೊಂದಕ್ಕೆ ಸುಮಾರು 97 ಸೆಕೆಂಡು. ನಿಮ್ಮಂಥ ಹೊಸಬರಿಗೆ ಇದು ಉಸಿರು ಕಟ್ಟುವ ವೇಗ. ಶ್ರಮವು ನಿಮ್ಮ ಶಕ್ತಿಯ ಮುಕ್ಕಾಲು ಭಾಗವನ್ನು ದಾಟಿತೆಂದರೆ ಉಸಿರು, ಸ್ನಾಯುಗಳ ಕೂಗು ಎಷ್ಟು ಜೋರಾಗುತ್ತದೆಂದರೆ ಹಾಡು ಅದನ್ನು ಮರೆಸಲಾರದು. ಮನಸ್ಸಿಗೆ ಒಂದಿಷ್ಟು ಹಿತ ಉಳಿಯಬಹುದು, ಅಷ್ಟೇ. ಪರೀಕ್ಷೆಯ ದಿನ ಕಿವಿಯೂ ಖಾಲಿ ಇರುತ್ತದೆ. ಅಥ್ಲೆಟಿಕ್ಸ್ ನಿಯಮಗಳ ಪ್ರಕಾರ ಸ್ಪರ್ಧೆಯಲ್ಲಿ ಅಂಥ ಸಾಧನ ಬಳಸುವುದು ಹೊರಗಿನ ನೆರವು ಪಡೆದಂತೆ. ತನ್ನ ಉಸಿರಿನ ಸದ್ದನ್ನೇ ಎಂದೂ ಕೇಳದೆ ತಯಾರಾದವರು ಅಂದು ಮೊದಲ ಸುತ್ತನ್ನು ಎಂಬತ್ತು ಸೆಕೆಂಡಿಗೇ ಓಡಿ ಮೂರನೆಯದರಲ್ಲಿ ಕುಸಿಯುವುದನ್ನು ನಾನು ಬಹಳ ನೋಡಿದ್ದೇನೆ, ಮತ್ತು ಪ್ರತಿಸಲ ಸಂಕಟವಾಗುತ್ತದೆ. ಕಾಲಿನಲ್ಲಿ ಕಸುವಿದ್ದೂ ನೌಕರಿ ಕೈತಪ್ಪುತ್ತದೆ.

ಹಾಡನ್ನು ಪೂರ್ತಿ ಬಿಡಬೇಕಿಲ್ಲ. ಮೈ ಬಿಸಿ ಮಾಡಿಕೊಳ್ಳುವಾಗ ಕೇಳಿ. ಜಾತ್ರೆಯ ಕುಸ್ತಿ ಕಣದಲ್ಲಿ ಹಲಗಿ ಬಡಿಯುವುದು ಸುಮ್ಮನೆ ಅಲ್ಲ, ಪೈಲ್ವಾನನ ಮೈಯೂ ಮನಸ್ಸೂ ಅದರಿಂದ ಏಳುತ್ತವೆ. ವಾರದ ನಿಧಾನದ ದೂರದ ಓಟಕ್ಕೂ ಹಾಡು ಒಳ್ಳೆಯ ಜೊತೆ. ನಿಮ್ಮ ಹೆಜ್ಜೆ ನಿಮಿಷಕ್ಕೆ 160–170 ಇದ್ದರೆ ಅಷ್ಟೇ ತಾಳದ, ಇಲ್ಲವೇ ಅದರ ಅರ್ಧ, ಅಂದರೆ 80–85 ತಾಳದ ಹಾಡು ಆರಿಸಿ. ಹದಿನೈದು ಸೆಕೆಂಡಿನ ತಾಳ ಎಣಿಸಿ ನಾಲ್ಕರಿಂದ ಗುಣಿಸಿದರೆ ಗೊತ್ತಾಗುತ್ತದೆ. ಗಡಿಯಾರ ಹಿಡಿದು 400, 800, 1600 ಓಡುವ ದಿನ ಮಾತ್ರ ಫೋನನ್ನು ಗೆಳೆಯನ ಕೈಗೆ ಕೊಟ್ಟುಬಿಡಿ.

ಬೇಸಿಗೆಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ತಲೆ ಸುತ್ತು, ವಾಕರಿಕೆ, ಚಳಿ ಬಂದಂತಾಗುವುದು ಇವೆಲ್ಲ ದೇಹ ಕೊಡುವ ಎಚ್ಚರಿಕೆ. ದಣಿವನ್ನು ಮರೆಸುವ ಹಾಡು ಇವನ್ನೂ ಮರೆಸೀತು. ಬಿಸಿಲೇರಿದ ಮೇಲೆ ಹಾಡು ಹಾಕಿಕೊಂಡು ‘ಇನ್ನೊಂದು ಸುತ್ತು’ ಅನ್ನಬೇಡಿ.

ಪ್ರಶ್ನೆ: ನನಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ಸಂಜೆ ಟಿಳಕವಾಡಿಯಲ್ಲಿ ವಾಕಿಂಗ್ ಹೋಗುವಾಗ ವಚನ, ದಾಸರ ಪದ ಕೇಳುತ್ತೇನೆ. ಗೆಳತಿಯರು ಜೋರಿನ ಸಿನಿಮಾ ಹಾಡು ಹಾಕಿಕೋ, ಆಗ ತೂಕ ಇಳಿಯುತ್ತದೆ ಅನ್ನುತ್ತಾರೆ. ಹೌದೇ?
– ಓದುಗರು, ಬೆಳಗಾವಿ

ಉತ್ತರ: ಅಕ್ಕಾವ್ರೇ, ನಿಮಗೆ ಇಷ್ಟವಾದದ್ದನ್ನೇ ಕೇಳಿ. ಮನಸ್ಸಿಗೆ ಒಗ್ಗದ ಹಾಡನ್ನು ಯಾರೋ ಹೇಳಿದರೆಂದು ಕೇಳಿದರೆ ನಾಲ್ಕು ದಿನಕ್ಕೆ ವಾಕಿಂಗೇ ಬೇಸರವಾಗುತ್ತದೆ. ನಡಿಗೆ ನಿಮಿಷಕ್ಕೆ ನೂರು ಹೆಜ್ಜೆಗೆ ಕಡಿಮೆ ಆಗದಿರಲಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಸರಿಯಾದ ಬಿರುಸು. ಏರುಗತಿಯ ಭಜನೆಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ವಿಳಂಬದ ವಚನಗಳನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ, ಏದುಸಿರು ಬೇಗ ಇಳಿಯಲು ಅನುಕೂಲ.

ರೈಲ್ವೆ ಗೇಟ್ ದಾಟುವಾಗ, ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆಯಿರಿ. ಇದರಲ್ಲಿ ರಿಯಾಯಿತಿ ಇಲ್ಲ. ಧ್ವನಿ ಫೋನಿನ ಪೂರ್ಣ ಮಟ್ಟದ ಶೇ 60ಕ್ಕಿಂತ ಕೆಳಗಿರಲಿ. ದೊಡ್ಡವರ ಕಿವಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90ಕ್ಕೆ ಏರಿದರೆ ಆ ಮಿತಿ ನಾಲ್ಕೇ ಗಂಟೆ.

ಪ್ರಶ್ನೆ: ಮಗಳು ಸೈಕ್ಲಿಂಗ್ ಕಲಿಯುತ್ತಿದ್ದಾಳೆ, ಎಂಟನೇ ತರಗತಿ. ಗದ್ದನಕೇರಿ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಇಯರ್‌ಫೋನ್ ಹಾಕುತ್ತೇನೆ ಅಂತ ಹಟ.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ರಸ್ತೆಯಲ್ಲಿ ಬೇಡವೇ ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರು ಹಿಂದಿನಿಂದ ಬರುವುದು ಅವಳಿಗೆ ಮೊದಲು ತಿಳಿಯುವುದು ಕಿವಿಯಿಂದಲೇ. ಮನೆಯಲ್ಲಿ ರೋಲರ್ ಮೇಲೆ ತುಳಿಯುವಾಗ ಬೇಕಾದ ಹಾಡು ಸ್ಪೀಕರಿನಲ್ಲಿ ಹಾಕಿಕೊಡಿ. ತುಳಿತ ನಿಮಿಷಕ್ಕೆ 90 ಇದ್ದರೆ 90 ತಾಳದ್ದೇ ಇರಲಿ.