ಚೀಟಿಯ ಮೇಲಿನ ವಲಯ, ಕಲಬುರಗಿಯ ಬಿಸಿಲು

ಪ್ರಶ್ನೆ: ಅಕ್ಕಾವ್ರೆ, ಆನ್‌ಲೈನ್‌ನಲ್ಲಿ ತರಿಸಿದ ಬೆಣ್ಣೆಹಣ್ಣಿನ ಸಸಿಗೆ ‘ವಲಯ 9ರಿಂದ 11’ ಎಂಬ ಚೀಟಿ ಇತ್ತು. ನಮಗೆ ಹೊಂದುತ್ತದೆಂದು ಹಚ್ಚಿದೆ. ಏಪ್ರಿಲ್‌ನಲ್ಲೇ ಎಲೆ ಸುಟ್ಟವು. ಏಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ತಮ್ಮಾ, ತಪ್ಪು ನಿನ್ನದಲ್ಲ. ಆ ವಲಯಗಳನ್ನು ಗುರುತಿಸಿದ್ದು ಅಮೆರಿಕದ ಕೃಷಿ ಇಲಾಖೆ. ಅವು ಹೇಳುವುದು ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ಮಾತ್ರ. 11 ಎಂದರೆ 4.4ರಿಂದ 10 ಡಿಗ್ರಿ ಸೆಲ್ಸಿಯಸ್. ಚಳಿಗೆ ನಿನ್ನ ಗಿಡ ಸಾಯದು, ನಿಜ. ಆದರೆ ನಮ್ಮ ಮೇ ತಿಂಗಳ 42 ಡಿಗ್ರಿ, ಒಣಗಾಳಿ ಆ ಲೆಕ್ಕದಲ್ಲೇ ಇಲ್ಲ. ನಿನ್ನ ಚೀಟಿಯ ವಲಯದೊಳಗೇ ಬರುವ ಅಮೆರಿಕದ ಫ್ಲಾರಿಡಾದ ಮಯಾಮಿಯಲ್ಲಿ ಬೇಸಿಗೆಯೇ ಮಳೆಗಾಲ; ನಮ್ಮಲ್ಲಿ ಮಳೆಗೆ ಮುಂಚೆ ಬೆಂಕಿ.

ಬಿಸಿಲಿಗಿಂತ ನಿಮ್ಮ ಎರೆಮಣ್ಣೇ ನನಗೆ ದೊಡ್ಡ ಚಿಂತೆ. ನೀರು ನಿಂತರೆ ಈ ಗಿಡದ ಬೇರು ಬೇಗ ಕೊಳೆಯುತ್ತದೆ. ಬೀದರಿನ ನನ್ನ ಹಿತ್ತಿಲು ಕೆಂಪು ಜಂಬಿಟ್ಟಿಗೆ ನೆಲ, ನೀರು ಸರಸರ ಇಳಿಯುತ್ತದೆ. ಅದಕ್ಕೇ ನನ್ನ ಗಿಡ ಉಳಿದಿದೆ. ನೀನು ಎರಡಡಿ ದಿಬ್ಬ ಏರಿಸಿ, ಜುಲೈನಲ್ಲಿ ಹಚ್ಚು. ಪಡುವಣಕ್ಕೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟು, ಕಾಂಡಕ್ಕೆ ಸುಣ್ಣ ಬಳಿ, ಬುಡಕ್ಕೆ ಒಣಹುಲ್ಲು ಹಾಸು.

ಹೊಸ ಸಸಿ ತರುವ ಮುಂಚೆ ಈಗಿನದರ ಕಾಂಡ ಉಗುರಿನಿಂದ ಗೀರಿ ನೋಡು. ಒಳಗೆ ಹಸಿರಿದ್ದರೆ ಕೀಳಬೇಡ, ಚಿಗುರೀತು.