ಗುಡ್ಡ ಜರಿಯೋ ಜಾಗದಲ್ಲಿ ಲೀಡರ್ ಕೈ ಖಾಲಿ ಇರಬೇಕು

ಅಗ್ನಿಶಾಮಕ ಇಲಾಖೆಗೆ ಈಗಷ್ಟೇ ಸೇರಿದೀನಿ, ಟ್ರೈನಿಂಗಲ್ಲಿ ಸಿಚುಯೇಷನಲ್ ಅವೇರ್‌ನೆಸ್, ಅಂದ್ರೆ ಸುತ್ತ ನಡೀತಿರೋದರ ಮೇಲೆ ಎಚ್ಚರ, ಅಂತ ಪದೇ ಪದೇ ಹೇಳ್ತಾರೆ, ಸ್ಪಾಟಲ್ಲಿ ಎಲ್ಲರೂ ಕೂಗಾಡ್ತಿರುವಾಗ ಅದೆಲ್ಲ ಆಗುತ್ತಾ, ನನ್ನಂಥ ಕಿರಿಯವನಿಗೂ ಲೀಡರ್‌ಶಿಪ್ಪಿಗೂ ಏನು ಸಂಬಂಧ ಅಂತ ಕೇಳಿದೀರಿ. ನಾನು ಕೊಡಗಲ್ಲಿ ಲೀಡಿಂಗ್ ಫೈರ್‌ಮನ್ ಆಗಿದ್ದು ರಿಟೈರ್ ಆದವನು, ಕಂಡಿದ್ದು ಹೇಳ್ತೀನಿ.

ಕ್ಲಾಸಲ್ಲಿ ಹೇಳೋದು ಮಿಕಾ ಎಂಡ್ಸ್ಲಿ ಅನ್ನೋ ಅಮೆರಿಕದ ಸಂಶೋಧಕಿ 1995ರಲ್ಲಿ ಬರೆದ ಮೂರು ಹಂತ: ಸುತ್ತ ಏನಿದೆ ಅಂತ ಗಮನಿಸೋದು, ಅದರ ಅರ್ಥ ಏನು ಅಂತ ತಿಳ್ಕೊಳ್ಳೋದು, ಇನ್ನು ಸ್ವಲ್ಪ ಹೊತ್ತಿಗೆ ಏನಾಗಬಹುದು ಅಂತ ಅಂದಾಜು ಮಾಡೋದು. ಸರಿಯಾಗೇ ಇದೆ. ಆದ್ರೆ ಮಳೇಲಿ ನಿಂತಾಗ ಮೊದಲನೇ ಹಂತಾನೇ ಕೈ ತಪ್ಪುತ್ತೆ, ಯಾಕಂದ್ರೆ ನಮ್ಮ ಕಣ್ಣು ನಮ್ಮ ಕೈ ಇರೋ ಕಡೆಗೇ ಹೋಗುತ್ತೆ.

2018ರ ಆಗಸ್ಟ್ ಮಧ್ಯ, ಮಕ್ಕಂದೂರು ಕಡೆ. ಕರೆಂಟಿಲ್ಲ, ಫೋನ್ ಸಿಗಲ್ಲ, ಮಂಜಲ್ಲಿ ಹತ್ತು ಮಾರು ಆಚೆ ಕಾಣಲ್ಲ. ರೋಡ್ ಮೇಲೆ ಬರೆ (ಪಕ್ಕದ ಕಡಿದಾದ ಮಣ್ಣಿನ ದಿಬ್ಬ) ಜರಿದು ಕೆಸರು, ಅಲ್ಲೇ ಒಂದು ತೋಡು, ಅಂದ್ರೆ ಸಣ್ಣ ಹಳ್ಳ, ಆಚೆಕಡೆ ಒಂದು ಮನೇಲಿ ವಯಸ್ಸಾದ ಗಂಡ ಹೆಂಡತಿ ಸಿಕ್ಕಾಕೊಂಡಿದ್ರು. ಹಗ್ಗ ಕಟ್ಟಿ ದಾಟೋಣ ಅಂತ ಶುರು ಮಾಡಿದ್ವಿ, ಜನ ಕಮ್ಮಿ ಇದ್ದಿದ್ದಕ್ಕೆ ನಾನೂ ಹಗ್ಗಕ್ಕೆ ಕೈ ಹಾಕಿದೆ. ಅದೇ ನಾನು ಮಾಡಿದ ತಪ್ಪು. ಅಷ್ಟು ಹೊತ್ತು ನನಗೆ ಕಂಡಿದ್ದು ಹಗ್ಗ, ಗಂಟು, ಮುಂದಿರೋನ ಬೆನ್ನು, ಅಷ್ಟೇ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ ಪಕ್ಕದವನಿಗೆ ಏನೋ ಹೇಳಿದ, ಅವನು ಸುಮ್ನೆ ಎಳಿಯೋ ಅಂದ. ಹುಡುಗ ಆಮೇಲೆ ನನ್ನ ಹತ್ರಾನೇ ಬಂದು, ಸಾರ್, ತೋಡಲ್ಲಿ ನೀರು ಕಮ್ಮಿ ಆಗ್ಬಿಟ್ಟಿದೆ ಅಂದ.

ಮಳೆ ಒಂದು ಹನಿನೂ ಕಮ್ಮಿ ಆಗಿರಲಿಲ್ಲ. ಮಳೆ ಹೊಡೀತಾ ಇರುವಾಗ ತೋಡಿನ ನೀರು ಇಳಿದ್ರೆ ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರಿಗೆ ಅಡ್ಡ ನಿಂತಿರಬಹುದು, ಆ ಕಟ್ಟೆ ಒಡೆದ್ರೆ ಎಲ್ಲಾ ಒಟ್ಟಿಗೆ ಕೆಳಗೆ. ಎಲ್ಲರನ್ನೂ ಹಿಂದಕ್ಕೆ ಕರೆದೆ.

ಇಲ್ಲಿಂದ ಮುಂದಿನ ಅರ್ಧ ಗಂಟೆ ನನ್ನ ಸರ್ವಿಸಲ್ಲೇ ಕಷ್ಟದ್ದು, ಯಾಕಂದ್ರೆ ಏನೂ ಆಗಲಿಲ್ಲ. ಆ ಮನೆಯವರ ಮಗ ಅಳ್ತಾ ಬೈತಿದ್ದ, ನಿಮಗೆ ಜೀವ ಭಯ ಇದ್ರೆ ಯಾಕೆ ಬಂದ್ರಿ ಅಂದ, ನಮ್ಮವರೇ ಇಬ್ಬರು ಸಾರ್ ಹೋಗೋಣ ಹೋಗೋಣ ಅಂತಿದ್ರು, ನಾನೂ ಇನ್ನೇನು ಹೂಂ ಅನ್ನೋದರಲ್ಲಿದ್ದೆ. ಆಗ ಪಕ್ಕದ ತೋಟದ ಲೈನ್ ಮನೇಲಿ (ಕೂಲಿಯವರ ಸಾಲುಮನೆ) ಇದ್ದ ಒಬ್ಬ ಅಣ್ಣ ಮೇಲಿನ ಏಣಲ್ಲಿ, ಅಂದ್ರೆ ಗುಡ್ಡದ ಏರಲ್ಲಿ, ಕಾಫಿ ತೋಟದೊಳಗೆ ದಾರಿ ಇದೆ, ಸುತ್ತಾಗುತ್ತೆ ಆದ್ರೆ ತೋಡು ದಾಟಬೇಕಾಗಿಲ್ಲ ಅಂದ. ಎರಡೂವರೆ ಗಂಟೆ ಬೇಕಾಯ್ತು, ಇಬ್ಬರನ್ನೂ ಹೊತ್ಕೊಂಡು ಬಂದ್ವಿ. ಬೆಳಿಗ್ಗೆ ನೋಡಿದ್ರೆ ನಾವು ಹಗ್ಗ ಹಿಡ್ಕೊಂಡು ನಿಂತಿದ್ದ ಜಾಗದ ಮೇಲೆ ಆಳೆತ್ತರ ಮಣ್ಣಿತ್ತು. ರಾತ್ರಿ ಎಷ್ಟು ಹೊತ್ತಿಗೆ ಬಂತೋ ಯಾರಿಗೂ ಗೊತ್ತಿಲ್ಲ.

ಆವತ್ತಿಂದ ನಾನು ಒಂದು ನಿಯಮ ಇಟ್ಕೊಂಡೆ: ಲೀಡರ್ ಆದವನು ಹಗ್ಗ, ಹಾರೆ, ಹೋಸ್ ಯಾವುದನ್ನೂ ಹಿಡಿಯಬಾರದು. ಜನ ಸಾಲದಿದ್ರೆ ಕೆಲಸ ನಿಧಾನ ಆಗಲಿ. ಇನ್ನೊಬ್ಬನನ್ನ ಮೇಲ್ಗಡೆ ಕಾಣೋ ಜಾಗದಲ್ಲಿ ನಿಲ್ಲಿಸಬೇಕು, ಅವನಿಗೆ ನೋಡೋದು ಬಿಟ್ಟು ಬೇರೆ ಕೆಲಸ ಕೊಡಬಾರದು. ಏನು ನೋಡಬೇಕು ಅಂತ ಮೊದಲೇ ಹೇಳಿ: ತೋಡಿನ ನೀರು ಇಳೀತಾ, ಇಲ್ಲ ಇದ್ದಕ್ಕಿದ್ದಂಗೆ ಕೆಂಪಾಯ್ತಾ, ನೆಲ ಬಿರುಕು ಬಿಟ್ಟಿದೆಯಾ, ಸಿಲ್ವರ್ ಓಕ್ ಮರ, ಕರೆಂಟ್ ಕಂಬ ವಾಲಿದೆಯಾ, ಒಣಗಿದ್ದ ಜಾಗದಲ್ಲಿ ಹೊಸದಾಗಿ ನೀರು ಉಕ್ಕುತ್ತಿದೆಯಾ, ನೆಲದೊಳಗಿಂದ ಗುಡುಗಿನಂಥ ಶಬ್ದ ಬಂತಾ.

ಕಾಡಿನ ಬೆಂಕಿ ಆರಿಸೋರು ಇದನ್ನ ನಾಲ್ಕು ಮಾತಲ್ಲಿ ಹೇಳ್ತಾರೆ, 1991ರಲ್ಲಿ ಪಾಲ್ ಗ್ಲೀಸನ್ ಅನ್ನೋ ಅಮೆರಿಕದ ಫೈರ್‌ಫೈಟರ್ ಮುಂದಿಟ್ಟಿದ್ದು: ಕಾವಲಿಗೆ ಒಬ್ಬ, ಮಾತು ಮುಟ್ಟಿಸೋ ವ್ಯವಸ್ಥೆ, ತಪ್ಪಿಸ್ಕೊಳ್ಳೋ ದಾರಿ, ಹೋಗಿ ನಿಲ್ಲೋಕೆ ಸುರಕ್ಷಿತ ಜಾಗ. ನಮ್ಮ ಬೇಸಿಗೆಗೂ ಅದೇ ಬೇಕು, ಒಣಗಿದ ಹುಲ್ಲುಗುಡ್ಡದಲ್ಲಿ ಬೆಂಕಿ ಏರಿನ ಕಡೆ ಎಷ್ಟು ಬೇಗ ಓಡುತ್ತೆ ಅಂತ ನೋಡಿದವರಿಗೇ ಗೊತ್ತು, ಮೇಲೆ ನಿಂತು ಸೊಪ್ಪಲ್ಲಿ ಬಡಿಯೋದು ತುಂಬಾ ಅಪಾಯ. ಮಾತು ಮುಟ್ಟಿಸೋಕೆ ವಾಕಿಟಾಕಿ ಒಂದನ್ನೇ ನಂಬಬೇಡಿ, ಸೀಟಿ ಇಟ್ಕೊಳ್ಳಿ. ಕುಸಿದ ಕಟ್ಟಡಗಳಲ್ಲಿ ಹುಡುಕೋ ತಂಡಗಳ ಸಂಕೇತ ಹೀಗಿದೆ: ಮೂರು ಚಿಕ್ಕ ಸೀಟಿ ಅಂದ್ರೆ ಓಡಿ, ಒಂದು ಉದ್ದದ್ದು ಅಂದ್ರೆ ಕೆಲಸ ನಿಲ್ಲಿಸಿ ಸುಮ್ಮನಿರಿ, ಒಂದು ಉದ್ದ ಒಂದು ಚಿಕ್ಕದು ಅಂದ್ರೆ ಮತ್ತೆ ಶುರು ಮಾಡಿ. ಹಿಟಾಚಿ ಓಡಿಸೋರಿಗೂ ಹೇಳಿಕೊಡಿ, ಕ್ಯಾಬಿನ್ ಒಳಗೆ ಕೇಳಲ್ಲ ಅಂದ್ರೆ ಕೈ ಸನ್ನೆ ಮಾಡೋಕೆ ಒಬ್ಬ ಬೇಕು.

ಲೀಡರ್‌ಶಿಪ್ ಬಗ್ಗೆ ಕೇಳಿದ್ರಲ್ಲ, 1949ರ ಆಗಸ್ಟ್ 5ಕ್ಕೆ ಅಮೆರಿಕದ ಮೊಂಟಾನಾದಲ್ಲಿ ಮ್ಯಾನ್ ಗಲ್ಚ್ ಅನ್ನೋ ಕಣಿವೇಲಿ ನಡೆದಿದ್ದು ಓದಿ. ಬೆಂಕಿ ಹಿಂದಿಂದ ಅಟ್ಟಿಸ್ಕೊಂಡು ಬರುವಾಗ ಫೋರ್‌ಮನ್ ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೇ ಕಡ್ಡಿ ಗೀರಿ, ಇನ್ನು ಸುಡೋಕೆ ಏನೂ ಉಳಿಯದ ಆ ಸುಟ್ಟ ಜಾಗದಲ್ಲಿ ಮಲಗಿ, ತನ್ನ ತಂಡದವರನ್ನ ಬನ್ನಿ ಅಂತ ಕರೆದ. ಯಾರೂ ಬರಲಿಲ್ಲ. 13 ಜನ ಸತ್ತರು. ಅವನು ಸರಿಯಾಗೇ ಅಂದಾಜು ಮಾಡಿದ್ದ, ಆದ್ರೆ ಅವರು ಆ ಉಪಾಯ ಹಿಂದೆ ಕೇಳಿರಲೂ ಇಲ್ಲ, ಬೆಂಕಿ ಬೆನ್ನಿಗೆ ಬಂದಾಗ ವಿವರಿಸೋಕೆ ಟೈಮೂ ಇರಲಿಲ್ಲ. ಅದಕ್ಕೇ ನಾನು ಠಾಣೇಲಿ ಸುಮ್ನೆ ಕೂತಿರೋ ಮಧ್ಯಾಹ್ನಗಳಲ್ಲಿ, ಇಂಥ ಜಾಗದಲ್ಲಿ ಹೀಗಾದ್ರೆ ನಾನು ಏನಂತ ಕೂಗ್ತೀನಿ, ನೀವು ಯಾವ ಕಡೆ ಓಡ್ತೀರಿ ಅಂತ ಮಾತಾಡಿಸ್ತಿದ್ದೆ. ಮಾತು ಶುರು ಮಾಡಿಸ್ತಿದ್ದಿದ್ದು ಹೊಸ ಹುಡುಗರಿಂದಾನೇ, ಸೀನಿಯರ್ ಮೊದಲು ಬಾಯಿ ಬಿಟ್ರೆ ಕಿರಿಯರು ಮಾತೇ ಆಡಲ್ಲ.

ನಿಮ್ಮ ಪಾಲಿನ ಲೀಡರ್‌ಶಿಪ್ ಅದೇ, ಕಂಡಿದ್ದನ್ನ ಹೇಳೋದು. ಸಾರ್ ಏನೋ ಸರಿ ಇಲ್ಲ ಅನ್ನಿಸ್ತಿದೆ ಅನ್ನಬೇಡಿ, ಗಲಾಟೇಲಿ ಅದು ಯಾರ ಕಿವಿಗೂ ಬೀಳಲ್ಲ. ಏನು ಕಂಡ್ರಿ, ಎಲ್ಲಿ, ಏನು ಮಾಡಬೇಕು, ಈ ಮೂರೇ: ಸಾರ್, ಎಡಗಡೆ ಬರೇಲಿ ಬಿರುಕು ಬಿಟ್ಟಿದೆ, ನಾವು ಬಂದಾಗ ಇರಲಿಲ್ಲ, ಎಲ್ಲರನ್ನೂ ಹಿಂದೆ ಕರೀರಿ. ಕೇಳಿಸ್ಕೊಳ್ಳದಿದ್ರೆ ತೋಳು ಹಿಡಿದು ಆ ಕಡೆ ತಿರುಗಿಸಿ ಇನ್ನೊಂದ್ಸಲ ಹೇಳಿ. ಬೈದ್ರೆ ಬೈಲಿ. ಆ ಹುಡುಗ ಪಕ್ಕದವನು ಬೈದ ಮೇಲೂ ನನ್ನ ಹತ್ರ ಬಂದು ಎರಡನೇ ಸಲ ಹೇಳಿದ್ದಕ್ಕೇ ನಾವು ಏಳು ಜನ ಆವತ್ತು ಮನೆಗೆ ಹೋದ್ವಿ.