ಪೈಪ್ ಎಲ್ಲಿಗೆ ಹೋಗಲ್ಲ ಅನ್ನೋದನ್ನೂ ಬರೆದಿಡಬೇಕು: ಸಂಪಾದಕರ ಉತ್ತರ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನ್‌ನಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ವಿಷಯ ಇಷ್ಟು. ಅಲ್ಲಿನ ಮಾಂಟ್ಗೊಮರಿ ಕೌಂಟಿಯ ಬಾಯ್ಡ್ಸ್ ಅನ್ನೋ ಊರಿನ ಆಚೆ ಒಂದು ಹಳೇ ಪ್ಲಾಟ್‌ಗೆ ಅಡ್ವಾನ್ಸ್ ಕೊಟ್ಟಿದ್ರಂತೆ, ಮಣ್ಣು ನೀರು ಹೀರುತ್ತಾ ಅಂತ ನೋಡೋ ಪರ್ಕ್ ಟೆಸ್ಟ್ ಫೇಲಾಗಿ ಸೆಪ್ಟಿಕ್ ಹಾಕೋ ಹಾಗಿಲ್ಲ ಅಂದ್ರು, ಸರಿ ಹಾಗಾದ್ರೆ ದುಡ್ಡು ನಾನೇ ಕೊಡ್ತೀನಿ ಸೀವರ್ ಲೈನ್, ಅಂದ್ರೆ ಒಳಚರಂಡಿ ಪೈಪ್, ಎಳೀರಿ ಅಂದ್ರೆ ನಿಮ್ಮ ಜಾಗ ಎಸ್-6 ವರ್ಗದಲ್ಲಿದೆ, ಲೈನ್ ಬರಲ್ಲ ಅಂದ್ರು. ಅವರ ಮಾತಲ್ಲೇ ಹೇಳೋದಾದ್ರೆ, "ಸರ್, ಬೆಂಗಳೂರಾಗಿದ್ರೆ ಇಷ್ಟೊತ್ತಿಗೆ ಒಂದು ಬೋರ್ ಕೊರೆಸಿ, ಒಂದು ಪಿಟ್ ತೆಗೆಸಿ ಗೃಹಪ್ರವೇಶಾನೂ ಮುಗಿಸಿರ್ತಿದ್ದೆ. ಇಲ್ಲಿನ ಕೌಂಟಿಯವರಿಗೆ ಊರು ಬೆಳೆಯೋದೇ ಬೇಡವೇನೋ. ಕ್ಯಾಟಗರಿ ಬದಲಾಯಿಸಿ ಅಂತ ಅರ್ಜಿ ಹಾಕೋಣ ಅಂತಿದ್ದೀನಿ, ನೀವೇನಂತೀರಿ?"

ಮಿತ್ರರೇ, ಮೊದಲು ನಿಮ್ಮ ಕಷ್ಟದ ಮಾತು. ಅಡ್ವಾನ್ಸ್ ಕೊಟ್ಟ ಮೇಲೆ ಜಾಗ ಕೈಗೆ ಹತ್ತಲ್ಲ ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಸೀವರ್ ಲೈನಿಗೆ ಗಡಿ ಹಾಕಿದ್ರೆ ಗಡಿಯೊಳಗಿನ ಜಾಗದ ರೇಟ್ ಏರುತ್ತೆ, ದುಡ್ಡಿದ್ದೋರಿಗೆ ಏನೂ ಆಗಲ್ಲ, ಸಂಬಳದ ಮೇಲೆ ಬದುಕೋ ಕುಟುಂಬಕ್ಕೆ ಪೆಟ್ಟು ಬೀಳುತ್ತೆ ಅನ್ನೋ ವಾದದಲ್ಲೂ ಹುರುಳಿದೆ. ಅದನ್ನ ಒಪ್ತೀನಿ. ಆದ್ರೆ ನಿಮ್ಮ ಪತ್ರದ ಉಳಿದ ಭಾಗ ಒಪ್ಪೋಕೆ ನನ್ನ ಕೈಲಿ ಆಗಲ್ಲ. ನೀವು ಬೈದಿರೋ ಆ ಎಸ್-6 ಇದೆಯಲ್ಲ, ನಿಮ್ಮ ಕೌಂಟಿ ಮಾಡಿರೋ ಒಳ್ಳೇ ಕೆಲಸಗಳಲ್ಲಿ ಅದೂ ಒಂದು.

ಇಲ್ಲಿನ ಓದುಗರಿಗೋಸ್ಕರ ಸ್ವಲ್ಪ ಹೇಳ್ತೀನಿ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ, ಆದ್ರೆ ಅಲ್ಲಿ ಜನ ಆರಿಸಿದ ಕೌನ್ಸಿಲ್ ಇರುತ್ತೆ, ಅದಕ್ಕೆ ನಿಜವಾದ ಅಧಿಕಾರ ಇರುತ್ತೆ. ಮೇರಿಲ್ಯಾಂಡ್ ರಾಜ್ಯದ ಕಾನೂನು ಏನು ಹೇಳುತ್ತೆ ಅಂದ್ರೆ ಪ್ರತಿ ಕೌಂಟಿನೂ ಮುಂದಿನ ಹತ್ತು ವರ್ಷಕ್ಕೆ ನೀರು ಮತ್ತು ಒಳಚರಂಡಿಯ ಪ್ಲಾನ್ ಬರೆದಿಟ್ಟಿರಬೇಕು, ಕಸಕ್ಕೆ ಇನ್ನೊಂದು ಹತ್ತು ವರ್ಷದ ಪ್ಲಾನ್ ಇರಬೇಕು, ಮೂರು ವರ್ಷಕ್ಕೊಮ್ಮೆ ತೆಗೆದು ತಿದ್ದಬೇಕು, ರಾಜ್ಯದ ಪರಿಸರ ಇಲಾಖೆ ಅದನ್ನ ಒಪ್ಪಬೇಕು. ಕೌಂಟಿಯ ಪ್ರತಿ ಜಾಗಕ್ಕೂ ನೀರಿಗೊಂದು, ಸೀವರಿಗೊಂದು ನಂಬರ್, ಸೀವರಿನ ನಂಬರಿಗೆ ಮುಂದೆ ಎಸ್ ಅಂತ ಇರುತ್ತೆ. 1 ಅಂದ್ರೆ ಲೈನ್ ಇದೆ. 3 ಅಂದ್ರೆ ಸದ್ಯದಲ್ಲೇ ಕೊಡ್ತೀವಿ, 4 ಮತ್ತು 5 ಅಂದ್ರೆ ಹತ್ತು ವರ್ಷದೊಳಗೆ ಯಾವಾಗಲಾದ್ರೂ. 6 ಅಂದ್ರೆ ಹತ್ತು ವರ್ಷದಲ್ಲಿ ಕೊಡೋ ಯೋಚನೆ ಇಲ್ಲ. ಲೇಔಟ್ ಮಾಡೋದು, ಮನೆ ಕಟ್ಟೋದು ಎಲ್ಲಾ ಈ ನಕ್ಷೆಗೆ ಹೊಂದಬೇಕು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಏನು ಗೊತ್ತಾ, ಪೈಪ್ ಹಾಕೋರು ಬೇರೆ, ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡೋರು ಬೇರೆ. ನಿಮ್ಮ ಕಡೆ ಪೈಪ್ ಹಾಕೋದು ಡಬ್ಲ್ಯುಎಸ್ಎಸ್‌ಸಿ, ಅಂದ್ರೆ ವಾಷಿಂಗ್ಟನ್ ಸಬರ್ಬನ್ ಸ್ಯಾನಿಟರಿ ಕಮಿಷನ್, 1918ರಲ್ಲಿ ಹುಟ್ಟಿದ ಸಂಸ್ಥೆ. ವಾಷಿಂಗ್ಟನ್ ಸುತ್ತಿನ ಬಡಾವಣೆಗಳ ಕೊಳಚೆ ಹಳ್ಳಗಳಿಗೆ ಬಿದ್ದು ರಾಜಧಾನಿಗೇ ಹರಿದು ಹೋಗ್ತಿದೆ ಅನ್ನೋ ಗಲಾಟೆಯಿಂದಲೇ ಅದು ಹುಟ್ಟಿದ್ದು. ಇವತ್ತು ಮಾಂಟ್ಗೊಮರಿ ಮತ್ತು ಪ್ರಿನ್ಸ್ ಜಾರ್ಜಸ್ ಎರಡೂ ಕೌಂಟಿಗೆ ಅದೇ ನೀರು ಕೊಡುತ್ತೆ, ಅದೇ ಕೊಳಚೆ ಒಯ್ಯುತ್ತೆ. ಆದ್ರೆ ಯಾರೋ ಬಿಲ್ಡರ್ ಬಂದು ದುಡ್ಡು ಕೊಡ್ತೀನಿ ಲೈನ್ ಎಳೀರಿ ಅಂದ ತಕ್ಷಣ ಎಳೆಯೋ ಹಾಗಿಲ್ಲ, ಚುನಾಯಿತ ಕೌನ್ಸಿಲ್ ಒಪ್ಪಿದ ನಕ್ಷೆ ಹೂಂ ಅನ್ನಬೇಕು. ದುಡ್ಡು ನಾನೇ ಕೊಡ್ತೀನಿ ಅಂತ ನೀವು ಬರೆದಿದ್ದೀರಲ್ಲ, ಪ್ರಶ್ನೆ ದುಡ್ಡಿಂದಲ್ಲ. ಒಂದು ಲೈನ್ ಎರಡು ಮೈಲಿ ಆ ಕಡೆ ಹೋದ್ರೆ ದಾರಿಯುದ್ದಕ್ಕೂ ಇರೋ ಪ್ರತಿ ಹೊಲಕ್ಕೂ ಆಸೆ ಹುಟ್ಟುತ್ತೆ, ನಾಳೆ ನಿಮ್ಮ ಪಕ್ಕದೋರು, ನಾಡಿದ್ದು ಅವರ ಪಕ್ಕದೋರು, ಅದನ್ನ ಆಮೇಲೆ ಎಲ್ಲಿ ಏನು ಕಟ್ಟಬಹುದು ಅನ್ನೋ ಯಾವ ಝೋನಿಂಗ್ ನಿಯಮಕ್ಕೂ ತಡೆಯೋಕಾಗಲ್ಲ. ಚರ್ಚು, ದೇವಸ್ಥಾನ, ಶಾಲೆಗಳಿಗೆ ಅಂತ ಕೌಂಟಿ ಒಂದು ವಿನಾಯಿತಿ ನೀತಿ ಇಟ್ಕೊಂಡಿದೆ, ಅದರ ಮೇಲೂ ವರ್ಷಗಟ್ಟಲೆ ಜಗಳ ಆಗಿದೆ, ಕಾರಣ ಇದೇ.

ಇನ್ನು ಊರು ಬೆಳೆಯೋದೇ ಬೇಡ ಅನ್ನೋ ಮಾತು. ಜರ್ಮನ್‌ಟೌನ್ ಬೆಳೆದಿಲ್ವಾ? ನೀವು ಅಲ್ಲೇ ಇದ್ದೀರಿ! 1964ರಲ್ಲೇ ಆ ಪ್ರದೇಶಕ್ಕೊಂದು ಜನರಲ್ ಪ್ಲಾನ್ ಆಯ್ತು, ದೊಡ್ಡ ರಸ್ತೆ ಮತ್ತು ರೈಲಿನ ಸಾಲಿನಲ್ಲಿ ಊರು ಬೆಳೀಲಿ, ಮಧ್ಯದ ಜಾಗ ಹಸಿರಾಗಿರಲಿ ಅಂತ. ಆದ್ರೆ ಪ್ಲಾನ್ ಇದ್ರೂ ಪೈಪ್ ಹಿಂದೆ ಬಿತ್ತು. 1970ರ ದಶಕದ ಆರಂಭದಲ್ಲಿ ನಿಮ್ಮ ಕೌಂಟಿಯ ಕೊಳಚೆ ಹೋಗೋ ವಾಷಿಂಗ್ಟನ್ನಿನ ಬ್ಲೂ ಪ್ಲೇನ್ಸ್ ಘಟಕದ ಕೈ ಮೀರಿ, ಹೊಸ ಸೀವರ್ ಸಂಪರ್ಕಗಳನ್ನೇ ನಿಲ್ಲಿಸಿಬಿಟ್ರು. ಮೊರಟೋರಿಯಂ. ಮನೆ ಕಟ್ಟೋ ಕೆಲಸ ಎಷ್ಟೋ ಕಡೆ ನಿಂತೇ ಹೋಯ್ತು. ಆ ಪೆಟ್ಟು ತಿಂದ ಕಾಲದಲ್ಲೇ, 1973ರಲ್ಲಿ, ಕೌಂಟಿ ಒಂದು ಕಾಯ್ದೆ ತಂತು, ರಸ್ತೆ, ಶಾಲೆ, ನೀರು, ಸೀವರ್ ಸಾಕಾಗುತ್ತೆ ಅಂತ ಗೊತ್ತಾದ ಮೇಲೇ ಹೊಸ ಬಡಾವಣೆಗೆ ಒಪ್ಪಿಗೆ. 1980ರಲ್ಲಿ ಸುಮಾರು 93,000 ಎಕರೆ, ಅಂದ್ರೆ ಕೌಂಟಿಯ ಹತ್ರ ಹತ್ರ ಮೂರನೇ ಒಂದು ಭಾಗ, ಬೇಸಾಯಕ್ಕೆ ಅಂತ ಮೀಸಲಿಟ್ರು, 25 ಎಕರೆಗೆ ಒಂದು ಮನೆ. ಆ ಮೀಸಲು ಉಳಿದಿರೋದು ಬರೀ ಕಾನೂನಿನ ಪುಸ್ತಕದಿಂದ ಅಲ್ಲ, ಅಲ್ಲಿಗೆ ಸೀವರ್ ಹೋಗಿಲ್ಲ ಅನ್ನೋದರಿಂದ. ಬ್ಲೂ ಪ್ಲೇನ್ಸ್ ಇವತ್ತು ದಿನಕ್ಕೆ 38 ಕೋಟಿ ಗ್ಯಾಲನ್‌ಗಿಂತ ಹೆಚ್ಚು ಕೊಳಚೆ ಶುದ್ಧ ಮಾಡಬಲ್ಲದು, ಯಾವ ಕೌಂಟಿಗೆ ಅದರಲ್ಲಿ ಎಷ್ಟು ಪಾಲು ಅಂತ 1985ರಲ್ಲಿ ಒಪ್ಪಂದ ಆಯ್ತು, 2012ರಲ್ಲಿ ಹೊಸದಾಯ್ತು. ಅಲ್ಲಿಗೆ ಹೋಗೋ ಒಂದೊಂದು ಫ್ಲಶ್ಶಿಗೂ ಆ ಪಾಲಿನ ಲೆಕ್ಕದಲ್ಲಿ ಜಾಗ ಬೇಕು.

ನೀವು ಜಾಗ ನೋಡಿರೋದು ಬಾಯ್ಡ್ಸ್ ಕಡೆ. ಅಲ್ಲಿ ಲಿಟಲ್ ಸೆನೆಕಾ ಕೆರೆ ಇದೆ, ವಾರಾಂತ್ಯದಲ್ಲಿ ನೀವೂ ಮಕ್ಕಳನ್ನ ಕರ್ಕೊಂಡು ಹೋಗಿರ್ತೀರಿ. ಅದು ಪಿಕ್ನಿಕ್‌ಗೆ ಅಂತ ಕಟ್ಟಿದ ಕೆರೆಯಲ್ಲ. ಪೊಟೊಮ್ಯಾಕ್ ನದಿ ಬತ್ತಿದ ವರ್ಷ ವಾಷಿಂಗ್ಟನ್ ಪ್ರದೇಶಕ್ಕೆ ನೀರು ಬಿಡೋಕೆ ಅಂತ 1980ರ ದಶಕದಲ್ಲಿ ಕಟ್ಟಿದ ತುರ್ತು ಜಲಾಶಯ. ಅದಕ್ಕೆ ಹರಿದು ಬರೋ ಹಳ್ಳಗಳಲ್ಲಿ ಒಂದು ಟೆನ್ ಮೈಲ್ ಕ್ರೀಕ್. ಪಕ್ಕದ ಕ್ಲಾರ್ಕ್ಸ್‌ಬರ್ಗ್ ಊರಿಗೆ 1994ರಲ್ಲಿ ಪ್ಲಾನ್ ಮಾಡಿದಾಗ ಹಂತ ಹಂತವಾಗಿ ಬೆಳೆಸೋಣ ಅಂದ್ರು, ಈ ಹಳ್ಳದ ಜಲಾನಯನವನ್ನ ಕೊನೇ ಹಂತಕ್ಕೆ ಇಟ್ರು, ಮೊದಲಿನ ಹಂತಗಳು ಆದ ಮೇಲೆ ಹಳ್ಳದ ನೀರು ಹೇಗಿದೆ ಅಂತ ನೋಡಿ ಆಮೇಲೆ ಕೌನ್ಸಿಲ್ ಸೀವರ್ ಕ್ಯಾಟಗರಿ ಬದಲಾಯಿಸಬೇಕೋ ಬೇಡವೋ ತೀರ್ಮಾನಿಸಲಿ ಅಂತ ಬರೆದಿಟ್ರು. ಆಗಿ ಇಪ್ಪತ್ತು ವರ್ಷದ ಮೇಲೆ, 2014ರಲ್ಲಿ, ಕೌನ್ಸಿಲ್ ಪ್ಲಾನ್ ತಿದ್ದಿ, ಅಲ್ಲಿ ಕಾಂಕ್ರೀಟು ಡಾಂಬರು ಎಷ್ಟು ಹಾಸಬಹುದು ಅನ್ನೋದಕ್ಕೆ ಬಿಗಿ ಮಿತಿ ಹಾಕ್ತು. ಬಿಲ್ಡರ್‌ಗಳು ಸುಮ್ನಿರಲಿಲ್ಲ, ಹಳ್ಳ ಉಳಿಸಬೇಕು ಅನ್ನೋರೂ ಸುಮ್ನಿರಲಿಲ್ಲ, ಹಿಯರಿಂಗ್‌ನಲ್ಲಿ ಎರಡೂ ಕಡೆಯೋರು ಬಂದು ಮಾತಾಡಿದ್ರು. ಇಪ್ಪತ್ತು ವರ್ಷ ಹಿಂದೆ ಬರೆದ ಒಂದು ಷರತ್ತನ್ನ ತೆಗೆದು ಓದಿ ಅದರಂತೆ ನಡೆದ ಆಡಳಿತ ನಮ್ಮ ಕಡೆ ಒಂದು ತೋರಿಸಿ ನೋಡೋಣ.

ಕಸದ್ದೂ ಅಷ್ಟೆ. ಲೇಟನ್ಸ್‌ವಿಲ್ ಹತ್ರ ಓಕ್ಸ್ ಲ್ಯಾಂಡ್‌ಫಿಲ್ ಅನ್ನೋ ಕಸ ಹೂಳೋ ಜಾಗ 1997ರಲ್ಲಿ ಮುಚ್ಚಿತು, ಆದ್ರೆ ಅದು ಮುಚ್ಚೋಕೆ ಮುಂಚೆಯೇ 1995ರಲ್ಲಿ ಡಿಕರ್ಸನ್‌ನಲ್ಲಿ ಕಸ ಸುಟ್ಟು ಕರೆಂಟ್ ಮಾಡೋ ಘಟಕ ಶುರುವಾಗಿತ್ತು, ಶೇಡಿ ಗ್ರೋವ್‌ನಲ್ಲಿ ಕಸ ಗುಡ್ಡೆ ಹಾಕಿ ಅಲ್ಲಿಂದ ರೈಲಲ್ಲಿ ಕಳಿಸ್ತಾರೆ. ಆ ಘಟಕದ ಹೊಗೆ ಬಗ್ಗೆ ಡಿಕರ್ಸನ್ ಜನರಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದೇ. ಆದ್ರೆ ಒಂದು ಬಾಗಿಲು ಮುಚ್ಚೋ ಮೊದಲು ಇನ್ನೊಂದು ತೆಗೆದಿಟ್ಟಿದ್ರು ಅನ್ನೋದನ್ನ ಗಮನಿಸಿ. ನಮ್ಮಲ್ಲಿ ಮಾವಳ್ಳಿಪುರಕ್ಕೆ ಕಸ ಹಾಕೋದು 2012ರಲ್ಲಿ ನಿಂತಾಗ ಬೆಂಗಳೂರಿನ ರಸ್ತೆಗಳಲ್ಲಿ ಕಸ ರಾಶಿ ಬಿತ್ತು, ಆಮೇಲೆ ಅದೇ ಕಸ ಮಂಡೂರಿನ ಜನರ ಮೂಗಿಗೆ ಹೋಯ್ತು, ಅವರು ಬೀದಿಗಿಳಿದು ಹೋರಾಡಿ 2014ರ ಕೊನೆಗೆ ಅದನ್ನೂ ನಿಲ್ಲಿಸಿದ್ರು. ಪ್ರತಿ ಸಲ ಒಂದು ಹಳ್ಳಿ ರೊಚ್ಚಿಗೆದ್ದ ಮೇಲೇ ಮುಂದಿನ ಹಳ್ಳಿ ಹುಡುಕೋದು.

ಬೆಂಗಳೂರಾಗಿದ್ರೆ ಗೃಹಪ್ರವೇಶ ಆಗಿರ್ತಿತ್ತು ಅಂದ್ರಿ. ಆಗಿರ್ತಿತ್ತು, ನಿಜ. ಆಮೇಲೆ? 2007ರಲ್ಲಿ 110 ಹಳ್ಳಿಗಳನ್ನ ಪಾಲಿಕೆಗೆ ಸೇರಿಸಿದ್ರು, ಅವಕ್ಕೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಈ ಹದಿನೇಳು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಎದ್ದವು, ಎಷ್ಟು ರೆವಿನ್ಯೂ ಸೈಟು ಬಿ ಖಾತಾ ಆಯ್ತು, ನೀವು ಊರಿಗೆ ಬಂದಾಗೆಲ್ಲ ನೋಡಿರ್ತೀರಿ. ಮದುವೆಮನೆಯಲ್ಲಿ ಪಂಕ್ತಿ ಕೂರಿಸಿ ಎಲೆ ಹಾಕಿದ ಮೇಲೆ ಒಲೆಗೆ ಕಟ್ಟಿಗೆ ಹುಡುಕೋಕೆ ಹೊರಟ ಹಾಗೆ ನಾವು ಊರು ಬೆಳೆಸಿದ್ದು. ಅದೇ 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಬತ್ತಿವೆ ಅಂತ ಸರ್ಕಾರವೇ ಹೇಳ್ತು. ಕೊಳಚೆ ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಬೆಳ್ಳಂದೂರು ಕೆರೆ ಉತ್ತರ ಕೊಡುತ್ತೆ, 2015ರಲ್ಲಿ ನೊರೆಗೆ ಬೆಂಕಿ ಹತ್ತಿದ್ದು, 2017ರಲ್ಲಿ, 2018ರಲ್ಲಿ ಮತ್ತೆ ಹೊಗೆ ಎದ್ದಿದ್ದು ಜಗತ್ತೇ ನೋಡ್ತು.

ಸರ್ಜಾಪುರ ರಸ್ತೆ ಕಡೆ ನನ್ನ ತಂಗಿ ಮನೆ ಇದೆ. ದೊಡ್ಡ ಅಪಾರ್ಟ್‌ಮೆಂಟ್, ಈಜುಕೊಳ ಇದೆ, ಕ್ಲಬ್‌ಹೌಸ್ ಇದೆ, ರಸ್ತೆಯಲ್ಲಿ ಯುಜಿಡಿ, ಅಂದ್ರೆ ಒಳಚರಂಡಿ, ಇಲ್ಲ. ಕೊಳಚೆ ಶುದ್ಧ ಮಾಡೋ ಎಸ್‌ಟಿಪಿ ಕೆಟ್ಟ ದಿನ ರಾತ್ರಿ ಸಕ್ಕಿಂಗ್ ಮೆಷಿನ್ ಗಾಡಿ ಬರುತ್ತೆ, ತುಂಬಿಸ್ಕೊಂಡು ಹೋಗುತ್ತೆ, ಎಲ್ಲಿಗೆ ಅಂತ ಅಸೋಸಿಯೇಷನ್‌ನೋರು ಕೇಳಲ್ಲ, ಡ್ರೈವರ್ ಹೇಳಲ್ಲ. ಟ್ಯಾಂಕರ್ ಲೆಕ್ಕ ವಾಟ್ಸಾಪ್ ಗ್ರೂಪಲ್ಲಿ ಬರುತ್ತೆ, ಅದನ್ನ ನೋಡಿದ ತಿಂಗಳು ತಂಗಿ ಫೋನ್ ಮಾಡಿ ಅರ್ಧ ಗಂಟೆ ಬೈತಾಳೆ. ನನಗೆ ಅದಕ್ಕಿಂತ ಸಂಕಟ ಆಗೋದು ಇಂಥ ಗುಂಡಿಗಳಿಗೆ ಇಳಿಯೋ ಮನುಷ್ಯರನ್ನ ನೆನೆಸ್ಕೊಂಡಾಗ. ಮಲ ಹೊರೋ ಪದ್ಧತಿ ನಿಷೇಧ ಮಾಡಿ 2013ರಲ್ಲಿ ಹೊಸ ಕಾನೂನು ಬಂತು, ಆದ್ರೂ ಮ್ಯಾನ್‌ಹೋಲ್‌ನಲ್ಲಿ, ಎಸ್‌ಟಿಪಿ ಟ್ಯಾಂಕ್‌ನಲ್ಲಿ ಉಸಿರುಗಟ್ಟಿ ಸತ್ತ ಸುದ್ದಿ ನಿಂತಿಲ್ಲ. ಪ್ಲಾನ್ ಇಲ್ಲದ ಊರಿನ ಸಾಲ ತೀರಿಸೋದು ಅವರು.

ಮತ್ತೆ ನಮ್ಮಲ್ಲಿ ಯಾರ ಕೊರಳಪಟ್ಟಿ ಹಿಡಿಯೋದು? ಇಷ್ಟು ವರ್ಷ ಮಾಸ್ಟರ್ ಪ್ಲಾನ್ ಬಿಡಿಎದಾಗಿತ್ತು, ನೀರು ಜಲಮಂಡಳಿದು, ಕಸ ಪಾಲಿಕೆದಾಗಿತ್ತು. ಆ ಮಾಸ್ಟರ್ ಪ್ಲಾನ್ ಆದ್ರೂ 2015ರವರೆಗಿನದ್ದು, 2007ರಲ್ಲಿ ಒಪ್ಪಿಗೆ ಆಗಿದ್ದು, ಅದರ ಮುಂದಿನ 2031ರ ಕರಡು ಬಂತು, ವಾಪಸ್ ಹೋಯ್ತು. ಎಲೆಕ್ಷನ್ ಬಂದ್ರೆ ಫ್ಲೈಓವರ್ ಫೋಟೋ ಹಾಕ್ತಾರೆ, ಸುರಂಗ ರಸ್ತೆ ಅಂತಾರೆ, ನೆಲದೊಳಗಿನ ಪೈಪಿಗೆ ಟೇಪ್ ಕತ್ತರಿಸೋಕೆ ಯಾರೂ ಬರಲ್ಲ. ಪತ್ರಿಕೆಯೋರಾದ್ರೂ ಕೇಳ್ತಾರಾ ಅಂದ್ರೆ ಅವರ ಮುಖಪುಟದ ತುಂಬಾ ವಿಲ್ಲಾ ಜಾಹೀರಾತು. ವಿಮಾನ ನಿಲ್ದಾಣಕ್ಕೆ ಎಷ್ಟು ನಿಮಿಷ ಅಂತ ಅದರಲ್ಲಿ ಇರುತ್ತೆ, ಕೊಳಚೆ ಎಲ್ಲಿಗೆ ಹೋಗುತ್ತೆ ಅಂತ ಇರಲ್ಲ. ಕೊಳ್ಳೋರೂ ಕೇಳಲ್ಲ, ಅದೇ ನನ್ನ ದೊಡ್ಡ ದುಃಖ. ಮಾರ್ಬಲ್ ಬಣ್ಣ ಆರಿಸೋಕೆ ಮೂರು ಭಾನುವಾರ ಅಲೆಯೋ ಜನ ಲೈನ್ ಯಾವಾಗ ಬರುತ್ತೆ ಅಂತ ಒಂದು ಪ್ರಶ್ನೆ ಕೇಳಲ್ಲ.

ನಿಮ್ಮ ಕಡೆ ಎಲ್ಲಾ ಚೆನ್ನಾಗಿದೆ ಅಂತ ನಾನೇನೂ ಹೇಳ್ತಿಲ್ಲ. ಸೀವರ್ ಉಕ್ಕಿ ಹಳ್ಳಗಳಿಗೆ ಹರಿದಿದ್ದಕ್ಕೆ ಡಬ್ಲ್ಯುಎಸ್ಎಸ್‌ಸಿ ಮೇಲೆ ಕೇಂದ್ರ ಸರ್ಕಾರವೇ ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿ ಆಗಿ, ಹಳೇ ಪೈಪ್ ರಿಪೇರಿ ಮಾಡೋಕೆ ಒಪ್ಕೊಂಡ್ರು. ಆದ್ರೆ ಆ ಖರ್ಚನ್ನ ಜನ ಕೊಡ್ತಿದ್ದಾರೆ, ನೀವೂ ಕೊಡ್ತಿದ್ದೀರಿ. 2004ರಲ್ಲಿ ಮೇರಿಲ್ಯಾಂಡ್ ಚೆಸಾಪೀಕ್ ಕೊಲ್ಲಿ ಶುದ್ಧ ಮಾಡೋಕೆ ಅಂತ ಮನೆಮನೆಗೂ ತಿಂಗಳಿಗೆ ಎರಡೂವರೆ ಡಾಲರ್ ಹಾಕ್ತು, ಜನ ಅದಕ್ಕೆ ಫ್ಲಶ್ ಟ್ಯಾಕ್ಸ್ ಅಂದ್ರು, 2012ರಲ್ಲಿ ಐದು ಡಾಲರ್ ಮಾಡಿದ್ರು. ಸೆಪ್ಟಿಕ್ ಇರೋರೂ ಕಟ್ತಾರೆ. ಅದೇ 2012ರಲ್ಲಿ ಇನ್ನೊಂದು ಕಾನೂನು ಬಂತು, ಬೇಸಾಯದ ಜಾಗಗಳಲ್ಲಿ ಸೆಪ್ಟಿಕ್ ನಂಬ್ಕೊಂಡು ದೊಡ್ಡ ಲೇಔಟ್ ಮಾಡೋ ಹಾಗಿಲ್ಲ ಅಂತ. ಯಾಕಂದ್ರೆ ಸೆಪ್ಟಿಕ್‌ನಿಂದ ಇಳಿಯೋ ನೈಟ್ರೋಜನ್ ನೆಲದಡಿ ಹರಿದು ಕೊನೆಗೆ ಕೊಲ್ಲಿಗೇ ಸೇರುತ್ತೆ. ನಿಮ್ಮ ಪರ್ಕ್ ಟೆಸ್ಟ್ ಫೇಲ್ ಮಾಡಿದ ಇನ್‌ಸ್ಪೆಕ್ಟರ್ ನಿಮ್ಮ ವೈರಿಯಲ್ಲ. ಆ ಮಣ್ಣು ನೀರನ್ನ ಸರಿಯಾಗಿ ಹೀರಲ್ಲ ಅಂತ ಅವನು ಹೇಳಿದ್ದು, ಹೇಳದೇ ಸೈನ್ ಹಾಕಿದ್ರೆ ಎರಡು ವರ್ಷಕ್ಕೆ ನಿಮ್ಮ ಹಿತ್ತಲಲ್ಲೇ ಅದು ಮೇಲೆ ಬರ್ತಿತ್ತು, ನಿಮ್ಮ ಬಾವಿ ನೀರೂ ಹಾಳಾಗ್ತಿತ್ತು.

ಅರ್ಜಿ ಹಾಕೋಣವಾ ಅಂತ ಕೇಳಿದ್ದೀರಿ. ಹಾಕಿ, ಅದು ನಿಮ್ಮ ಹಕ್ಕು. ಹಿಯರಿಂಗ್ ಇರುತ್ತೆ, ಹೋಗಿ ಎದ್ದು ನಿಂತು ಮಾತಾಡಿ, ನಮ್ಮೋರು ಅಂಥ ಸಭೆಗಳಿಗೆ ಹೋಗೋದೇ ಕಮ್ಮಿ. ಅದಕ್ಕೆ ಮುಂಚೆ ಒಬ್ಬ ಒಳ್ಳೇ ಸೆಪ್ಟಿಕ್ ಎಂಜಿನಿಯರ್ ಹಿಡಿದು, ಪ್ಲಾಟಿನ ಬೇರೆ ಮೂಲೆಯಲ್ಲಿ ಟೆಸ್ಟ್ ಮಾಡಬಹುದಾ, ಮರಳಿನ ದಿಬ್ಬ ಹಾಕೋ ಸ್ಯಾಂಡ್ ಮೌಂಡ್ ಪದ್ಧತಿಗೆ ಆ ನೆಲ ಒಗ್ಗುತ್ತಾ ಅಂತ ಕೇಳಿಸಿ, ಒಗ್ಗಿದ್ರೆ ಲೈನಿನ ಮಾತೇ ಬೇಕಾಗಲ್ಲ. ಒಗ್ಗಲಿಲ್ಲ ಅಂದ್ರೆ ಅಡ್ವಾನ್ಸ್ ವಾಪಸ್ ಕೊಡೋ ಷರತ್ತು ಅಗ್ರಿಮೆಂಟಲ್ಲಿದೆಯಾ ಅಂತ ಇವತ್ತೇ ತೆಗೆದು ಓದಿ, ಕ್ಲಾರ್ಕ್ಸ್‌ಬರ್ಗ್ ಕಡೆ ಎಸ್-1 ಜಾಗ ನೋಡಿ. ಇಷ್ಟರ ಮೇಲೂ ಕ್ಯಾಟಗರಿ ಬದಲಾಯಿಸೋಕೆ ನನ್ನ ಬೆಂಬಲ ಇದೆಯಾ ಅಂತ ಕೇಳಿದ್ರೆ, ಇಲ್ಲ. ಕೌನ್ಸಿಲ್ ನಿಮ್ಮ ಅರ್ಜಿಗೆ ಆಗಲ್ಲ ಅಂತ ಹೇಳಲಿ ಅಂತಲೇ ನನ್ನ ಆಸೆ, ಹೇಳಿದ ದಿನ ಅದರ ಪ್ರತಿ ನನಗೆ ಕಳಿಸಿ, ಅವರು ಕೊಟ್ಟ ಕಾರಣಗಳನ್ನ ಪೂರ್ತಿ ಕನ್ನಡದಲ್ಲಿ ಹಾಕ್ತೀನಿ.

— ಸಂ.